ಹೊಳಲ್ಕೆರೆ ಮೇಷ್ಟ್ರ ಮಹಾಪ್ರಾಣ

2008ರಲ್ಲಿ ನಾನು ಚಿತ್ರದುರ್ಗದಿಂದ ಹೊರಡುತ್ತಿದ್ದ ಒಂದು ದಿನಪತ್ರಿಕೆಯ ಮುಖ್ಯ ಉಪಸಂಪಾದಕನಾಗಿದ್ದೆ. ಅಚ್ಚಿನ ಮೊಳೆಗಳನ್ನು ಕೈಯಲ್ಲಿ ಜೋಡಿಸುವ ಕಾಲದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿ ಮೇಲೆ ಬಂದವನು. ಮಧ್ಯಾಹ್ನ ಎರಡಕ್ಕೆ ಕಚೇರಿ, ಆರಕ್ಕೆ ಒಳಪುಟಗಳು, ಹತ್ತಕ್ಕೆ ಮುಖಪುಟ. ಈ ವೇಳಾಪಟ್ಟಿಯನ್ನು ನಾನು ಮುರಿಯಲಿಲ್ಲ, ಬೇರೆಯವರಿಗೂ ಮುರಿಯಲು ಬಿಡಲಿಲ್ಲ. ಸಂಪಾದಕೀಯ ವಿಭಾಗಕ್ಕೆ ನಾನು ಹಾಕಿಕೊಟ್ಟ ನಿಯಮಗಳಲ್ಲಿ ಎರಡು ಮುಖ್ಯವಾದವು. ವ್ಯಕ್ತಿಯ ಹೆಸರನ್ನು ಆತ ಸ್ವತಃ ಹೇಗೆ ಬರೆದುಕೊಳ್ಳುತ್ತಾನೋ ಹಾಗೆಯೇ ಅಚ್ಚು ಹಾಕಬೇಕು. ಒಮ್ಮೆ ಪ್ರಕಟವಾದ ಸುದ್ದಿಯನ್ನು ಕಿತ್ತುಹಾಕಬಾರದು. ತಪ್ಪಿದ್ದರೆ ತಿದ್ದುಪಡಿ ಹಾಕಬೇಕು.

ಹೊಳಲ್ಕೆರೆಯ ಒಬ್ಬ ಕನ್ನಡ ಮೇಷ್ಟ್ರು ತಮ್ಮ ಹೆಸರನ್ನು ಕಳೆದುಕೊಂಡಾಗ ಈ ಎರಡೂ ನಿಯಮಗಳು ಅವರ ನೆರವಿಗೆ ಬರಲಿಲ್ಲ. ಒಂದು ಅವರ ವಿರುದ್ಧವೇ ಕೆಲಸ ಮಾಡಿತು. ಅದು ಹೇಗೆ ಎಂಬುದನ್ನು ನಡೆದ ಕ್ರಮದಲ್ಲಿಯೇ ಹೇಳುತ್ತೇನೆ.

ಮೊದಲು 2004ರ ಒಂದು ಸುದ್ದಿ. ಹಿರಿಯೂರಿನಿಂದ ಧರ್ಮಪುರದ ಕಡೆ ಹೋಗುವ ರಸ್ತೆಯಲ್ಲಿ ಒಂದು ಖಾಸಗಿ ವಸತಿಶಾಲೆ ಇತ್ತು. ಶೇಂಗಾ ವ್ಯಾಪಾರದಲ್ಲಿ ದೊಡ್ಡವರಾಗಿ, ಪೆಟ್ರೋಲ್ ಬಂಕು, ಕಲ್ಯಾಣ ಮಂಟಪ ಎಲ್ಲ ಮಾಡಿಕೊಂಡಿದ್ದ ಎಚ್. ಸಿದ್ದಬಸಪ್ಪ ಎಂಬವರು ಅದರ ಒಡೆಯರು. ಜನ ಅವರನ್ನು ಚೇರ್ಮನ್ನರು ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ. ನೀರಿನ ಟ್ಯಾಂಕರ್ ಬಾರದ ಒಂದು ದಿನ ಏಳನೇ ತರಗತಿಯ ಹುಡುಗನೊಬ್ಬ ಸ್ನಾನಕ್ಕೆ ಒಂದು ಬಕೆಟ್ ಬದಲು ಎರಡು ಬಕೆಟ್ ನೀರು ಹಿಡಿದ. ಚೇರ್ಮನ್ನರೇ ಪೈಪಿನ ತುಂಡಿನಿಂದ ಅವನನ್ನು ಹೊಡೆದರು. ಹುಡುಗನ ಎಡಗಿವಿಯ ತಮಟೆ ಹರಿಯಿತು. ಪೊಲೀಸರು ಬಂಧಿಸಿದರು, ಜಾಮೀನೂ ಸಿಕ್ಕಿತು. ‘ವಸತಿಶಾಲೆ ಬಾಲಕನಿಗೆ ಥಳಿತ: ಸಿದ್ದಬಸಪ್ಪ ಬಂಧನ’ ಎಂಬ ತಲೆಬರಹದಲ್ಲಿ ನಾವು ವರದಿ ಮಾಡಿದೆವು. ಮುಂದೆ ಹುಡುಗನ ತಂದೆಗೆ ಅದೇ ಶಾಲೆಯಲ್ಲಿ ಬಸ್ ಓಡಿಸುವ ಕೆಲಸ ಸಿಕ್ಕಿತು. ಪ್ರಕರಣ ರಾಜಿಯಲ್ಲಿ ಮುಗಿಯಿತು.

ಇನ್ನು ಮೇಷ್ಟ್ರು. ಹೊಳಲ್ಕೆರೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಅವರ ಹೆಸರೂ ಎಚ್. ಸಿದ್ಧಬಸಪ್ಪ. ನಮ್ಮ ಜಿಲ್ಲೆಯಲ್ಲಿ ಹಿರಿಯೂರೂ ಎಚ್, ಹೊಸದುರ್ಗವೂ ಎಚ್, ಹೊಳಲ್ಕೆರೆಯೂ ಎಚ್. ಊರಿನ ಮೊದಲಕ್ಷರ ನೋಡಿ ಮನುಷ್ಯನನ್ನು ಗುರುತಿಸುವುದು ಸಾಧ್ಯವಿಲ್ಲ. ಆದರೆ ಮೇಷ್ಟ್ರು ತಮ್ಮ ಹೆಸರಿನಲ್ಲಿ ದಕಾರದ ಕೆಳಗೆ ಮಹಾಪ್ರಾಣದ ಒತ್ತು ಕೊಡುತ್ತಿದ್ದರು. ಚೇರ್ಮನ್ನರು ಬರೆಯುತ್ತಿದ್ದುದು ಸಾದಾ ದಕಾರದ ಒತ್ತು. ಇಬ್ಬರ ಹೆಸರುಗಳ ನಡುವೆ ಇದ್ದ ವ್ಯತ್ಯಾಸ ಅಷ್ಟೇ.

ಶನಿವಾರ ಶಾಲೆ ಅರ್ಧ ದಿನ. ಮೇಷ್ಟ್ರು ಊಟ ಮುಗಿಸಿ ಬಸ್ ಹತ್ತಿ ಚಿತ್ರದುರ್ಗಕ್ಕೆ ಬಂದು, ಆ ವಾರದ ಪತ್ರಿಕೆಗಳಲ್ಲಿ ಕಂಡ ಅಕ್ಷರದೋಷಗಳಿಗೆಲ್ಲ ಗೆರೆ ಎಳೆದು ನನ್ನ ಮೇಜಿನ ಮೇಲೆ ಹರಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಅವರು ಬಾರದ ಶನಿವಾರ ಬೇಸರವೂ ಆಗುತ್ತಿತ್ತು. ಥಳಿತದ ವರದಿ ಬಂದ ವಾರ ಅವರು ಗೆರೆ ಎಳೆದದ್ದು ಚೇರ್ಮನ್ನರ ಹೆಸರಿಗೆ.

“ಸಿದ್ಧ ಅನ್ನೋದು ಸಂಸ್ಕೃತದ ಪದ ಸಾರ್. ಮಹಾಪ್ರಾಣ ಬೇಕು. ನಿಮ್ಮ ಪೇಪರ್ ಓದಿ ನನ್ನ ಹುಡುಗ್ರು ಕೆಟ್ಟೋಗ್ತಾವೆ.”

“ಆತ ಸಹಿ ಹಾಕೋದೇ ಹಂಗೆ ಮೇಷ್ಟ್ರೇ. ಹೆಸರು ಅವರವರು ಹೆಂಗೆ ಬರೀತಾರೋ ಹಂಗೆ” ಎಂದೆ.

ಅವರು ಸ್ವಲ್ಪ ಯೋಚಿಸಿ, “ಮಗೂನ ಕಿವಿ ಕಿತ್ತೋನಿಗೆ ಅಲ್ಪಪ್ರಾಣನೇ ಸರಿ ಬಿಡ್ರಿ” ಎಂದರು. ಪಕ್ಕದ ಕೋಣೆಯಲ್ಲಿದ್ದ ನಮ್ಮ ಪತ್ರಿಕೆಯ ಯಜಮಾನರು ಕೂಡ ಜೋರಾಗಿ ನಕ್ಕರು. ಈ ಮಾತುಕತೆಯನ್ನು ಯಜಮಾನರು ಮರೆಯಲಿಲ್ಲ ಎಂದು ನನಗೆ ತಿಳಿದದ್ದು ನಾಲ್ಕು ವರ್ಷಗಳ ನಂತರ.

ಮೇಷ್ಟ್ರ ಪತ್ನಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. 2009ಕ್ಕೆ ನಿವೃತ್ತಿ. ಪಕ್ಕದ ಜಿಲ್ಲೆಯ ಒಂದು ವಸತಿಶಾಲೆಯವರು ಅವರನ್ನು ನಿಲಯಪಾಲಕರನ್ನಾಗಿ ತೆಗೆದುಕೊಳ್ಳಲು ಒಪ್ಪಿದ್ದರು. ಅಲ್ಲೇ ಒಂದು ಕೋಣೆ, ಮಕ್ಕಳ ಜೊತೆಗೇ ಊಟ. “ಹುಡುಗ್ರ ಗಲಾಟೆ ಮಧ್ಯ ಮುದುಕ ಆಗ್ತೀನಿ ಸಾರ್” ಎಂದು 2008ರ ಬೇಸಿಗೆಯಲ್ಲಿ ಹೇಳಿದಾಗ ಅವರ ಮುಖದಲ್ಲಿದ್ದ ಸಂತೋಷ ನನಗೆ ನೆನಪಿದೆ. ಆ ಕೋಣೆಗಾಗಿ ಅವರು ಆಗಲೇ ಪುಸ್ತಕಗಳನ್ನು ಕಟ್ಟಿಡತೊಡಗಿದ್ದರು.

ಅದೇ ಬೇಸಿಗೆಯಲ್ಲಿ ನಮ್ಮ ಪತ್ರಿಕೆಯ ವೆಬ್‌ಸೈಟು ಯೂನಿಕೋಡಿಗೆ ಬದಲಾಯಿತು. ಇದನ್ನು ಸ್ವಲ್ಪ ವಿವರಿಸಬೇಕು. 2003ರಿಂದಲೂ ನಮಗೆ ವೆಬ್‌ಸೈಟು ಇತ್ತು. ಆದರೆ ಹಳೆಯ ಫಾಂಟುಗಳಲ್ಲಿ ಹಾಕಿದ ಕನ್ನಡ ತೆರೆಯ ಮೇಲೆ ಮಾತ್ರ ಕನ್ನಡವಾಗಿ ಕಾಣುತ್ತಿತ್ತು. ಕಂಪ್ಯೂಟರಿನ ಒಳಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು. ಯಾರು ಯಾರ ಹೆಸರನ್ನು ಕನ್ನಡದಲ್ಲಿ ಹುಡುಕಿದರೂ ನಮ್ಮ ಸುದ್ದಿ ಸಿಗುತ್ತಿರಲಿಲ್ಲ. ಯೂನಿಕೋಡ್ ಬಂದ ಮೇಲೆ ಪ್ರತಿ ಅಕ್ಷರಕ್ಕೂ ಅದರದೇ ಗುರುತು ಸಿಕ್ಕಿತು. ಐದು ವರ್ಷದ ಹಳೆಯ ಸುದ್ದಿಗಳೆಲ್ಲ ಒಮ್ಮೆಲೇ ಎದ್ದು ಕೂತವು. ಎಚ್. ಸಿದ್ದಬಸಪ್ಪ ಎಂದು ಹುಡುಕಿದರೆ ಮೊದಲು ಬರುತ್ತಿದ್ದುದು ಥಳಿತದ ವರದಿ.

ಚೇರ್ಮನ್ನರು ಆಗ ಬೆಂಗಳೂರಿನ ಪಾಲುದಾರರ ಜೊತೆ ಸೇರಿ ಇಂಜಿನಿಯರಿಂಗ್ ಕಾಲೇಜು ತೆರೆಯುವ ಸಿದ್ಧತೆಯಲ್ಲಿದ್ದರು. ಪಾಲುದಾರರ ಕಡೆಯವರು ಯಾರೋ ಹುಡುಕಿ ನೋಡಿದ್ದಾರೆ. ಅಲ್ಲಿಂದ ಶುರುವಾಯಿತು. ಮೊದಲು ನಮಗೆ ಹಿಂದೆಂದೂ ಬಾರದಷ್ಟು ಜಾಹೀರಾತು ಬಂತು. ಆಮೇಲೆ ವಾರ ವಾರವೂ ಪತ್ರಿಕಾ ಪ್ರಕಟಣೆಗಳು: ಆದಿವಾಲದಲ್ಲಿ ರಕ್ತದಾನ ಶಿಬಿರ, ಹಿರಿಯೂರಿನಲ್ಲಿ ಸಮವಸ್ತ್ರ ವಿತರಣೆ, ಸಸಿ ನೆಡುವುದು, ಕಣ್ಣಿನ ತಪಾಸಣೆ. ಪ್ರತಿಯೊಂದರ ಕೊನೆಗೂ ‘ವೆಬ್‌ಸೈಟಿನಲ್ಲೂ ಹಾಕುವುದು’ ಎಂಬ ಸೂಚನೆ. ಒಳ್ಳೆಯ ಸುದ್ದಿಯನ್ನು ರಾಶಿ ಹಾಕಿ ಕೆಟ್ಟದ್ದನ್ನು ಕೆಳಗೆ ತಳ್ಳುವ ಉಪಾಯ ಇದು. ಇದಕ್ಕೆಂದೇ ಬೆಂಗಳೂರಿನಲ್ಲಿ ಕಂಪನಿಗಳಿವೆ ಎಂದು ನನಗೆ ಗೊತ್ತಾದದ್ದು ಆಗಲೇ. ಆದರೂ ಜನ ತೆರೆದು ಓದುತ್ತಿದ್ದುದು ಥಳಿತದ ವರದಿಯನ್ನೇ, ಅದು ಕೆಳಗಿಳಿಯಲಿಲ್ಲ. ಆಮೇಲೆ ವಕೀಲರ ನೋಟಿಸ್ ಬಂತು. ವರದಿಯ ಪ್ರತಿ ಸಾಲಿಗೂ ದಾಖಲೆ ಇತ್ತು, ಉತ್ತರ ಕೊಟ್ಟೆವು.

ಕೊನೆಗೆ ಚೇರ್ಮನ್ನರೇ ಬಂದರು. ಜೊತೆಗೆ ಅಂಥದೊಂದು ಕಂಪನಿಯ ಒಬ್ಬ ತರುಣ. ಯಜಮಾನರ ಕೋಣೆಗೆ ನನ್ನನ್ನೂ ಕರೆದರು.

“ಕೋರ್ಟೇ ನನ್ನ ಬಿಟ್ಟೈತೆ, ನಿಮ್ಮ ಕಂಪ್ಯೂಟ್ರು ಬಿಡ್ತಿಲ್ಲವಲ್ಲ” ಎಂದರು ಚೇರ್ಮನ್ನರು. ಧ್ವನಿಯಲ್ಲಿ ಕೋಪವಿರಲಿಲ್ಲ. ಪ್ರಕರಣ ರಾಜಿಯಾಗಿ ಮುಗಿದದ್ದನ್ನು ವರದಿಯ ಕೆಳಗೇ ಸೇರಿಸುತ್ತೇನೆ, ಅದು ನ್ಯಾಯ ಎಂದು ನಾನು ಹೇಳಿದೆ. ಅವರಿಗೆ ಅದು ಬೇಕಿರಲಿಲ್ಲ. ಬಿಡುಗಡೆಯಾದವನು ಎನಿಸಿಕೊಳ್ಳುವುದಕ್ಕಲ್ಲ ಅವರು ಬಂದದ್ದು. ಆರೋಪವೇ ಇಲ್ಲದವನು ಎನಿಸಿಕೊಳ್ಳುವುದಕ್ಕೆ.

“ಸುದ್ದಿ ತೆಗೀಬೇಡ್ರಿ, ಇರ್ಲಿ. ಒಂದು ಒತ್ತು ಬದಲಾಯಿಸ್ರಿ, ಸಾಕು.”

ಆ ತರುಣ ವಿವರಿಸಿದ. ಹುಡುಕುವ ಯಂತ್ರ ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡುತ್ತದೆ. ದಕಾರದ ಒತ್ತಿನ ಜಾಗದಲ್ಲಿ ಮಹಾಪ್ರಾಣದ ಒತ್ತು ಇಟ್ಟರೆ ಈ ವರದಿ ಚೇರ್ಮನ್ನರ ಹೆಸರಿಗೆ ಸಿಗುವುದಿಲ್ಲ. ಸುದ್ದಿ ಇದ್ದಲ್ಲೇ ಇರುತ್ತದೆ, ಯಾರೂ ಕಿತ್ತುಹಾಕಿದರು ಎನ್ನುವಂತಿಲ್ಲ. ಯಜಮಾನರು ನನ್ನ ಕಡೆ ತಿರುಗಿ, ವ್ಯಾಕರಣದ ಪ್ರಕಾರ ಅದೇ ಸರಿ ಎಂದು ನಿಮ್ಮ ಮೇಷ್ಟ್ರೇ ಹೇಳಿದ್ದರಲ್ಲ, ತಪ್ಪನ್ನು ತಿದ್ದಿದಂತೆಯೇ ಆಯಿತಲ್ಲ ಎಂದರು.

ಬದುಕಿಡೀ ಅಕ್ಷರದೋಷ ಹುಡುಕಿದವನ ಮುಂದೆ ಒಂದು ಸುಳ್ಳನ್ನು ಶುದ್ಧ ಕಾಗುಣಿತದಲ್ಲಿ ಇಟ್ಟಿದ್ದರು. ಆ ಹೆಸರಿನ ಮನುಷ್ಯ ಹೊಳಲ್ಕೆರೆಯಲ್ಲಿ ಬದುಕಿದ್ದಾರೆ, ಅವರೂ ಶಾಲೆಯವರೇ, ವರದಿ ಅವರ ತಲೆಗೆ ಬರುತ್ತದೆ ಎಂದೆ.

ಚೇರ್ಮನ್ನರು ನಕ್ಕರು. “ಮೇಷ್ಟ್ರ ಹೆಸರನ್ನ ಯಾರು ಹುಡುಕ್ತಾರೆ ಸಾರ್?”

ಆಗುವುದಿಲ್ಲ ಎಂದು ಹೇಳಿ ಎದ್ದು ಬಂದೆ. ವಿಷಯ ಅಲ್ಲಿಗೆ ಮುಗಿಯಿತು ಎಂದೇ ತಿಳಿದಿದ್ದೆ. ವೆಬ್‌ಸೈಟಿನ ಪಾಸ್‌ವರ್ಡ್ ನನ್ನ ಬಳಿ ಮಾತ್ರವಲ್ಲ, ಯಜಮಾನರ ಬಳಿಯೂ ಇತ್ತು ಎಂಬುದು ನನಗೆ ಹೊಳೆಯಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಶನಿವಾರ ಮೇಷ್ಟ್ರು ಬಂದರು. ಕೈಯಲ್ಲಿ ಪತ್ರಿಕೆಗಳಿರಲಿಲ್ಲ. ಕುಂತ್ಕಳ್ರಿ ಎಂದರೂ ಕೂರಲಿಲ್ಲ.

“ಈ ಸಲ ದೋಷ ಒಂದೂ ಇಲ್ಲ ಸಾರ್. ನನ್ನ ಹೆಸರು ಸರಿಯಾಗೇ ಐತೆ. ಮಹಾಪ್ರಾಣ ಹಾಕಿದೀರಿ.”

ಆದದ್ದು ಇಷ್ಟು. ಪಕ್ಕದ ಜಿಲ್ಲೆಯ ಆ ವಸತಿಶಾಲೆಯವರು ‘ಅನಿವಾರ್ಯ ಕಾರಣಗಳಿಂದ’ ಬೇರೆಯವರನ್ನು ನೇಮಿಸಿಕೊಂಡಿರುವುದಾಗಿ ತಿಳಿಸಿದ್ದರು. ಅಲ್ಲಿ ಕೆಲಸಕ್ಕಿದ್ದ ಇವರ ಹಳೆಯ ವಿದ್ಯಾರ್ಥಿಯೊಬ್ಬ ಸಂಕೋಚದಿಂದ ಕಾರಣ ಹೇಳಿದ: ಯಾರೋ ಇಂಟರ್‌ನೆಟ್ಟಿನಲ್ಲಿ ಇವರ ಹೆಸರು ಹುಡುಕಿದ್ದರು, ತಲೆಬರಹದ ಆಚೆಗೆ ಓದಿರಲಿಲ್ಲ. ಮೇಷ್ಟ್ರು ಹೊಳಲ್ಕೆರೆಯ ಇಂಟರ್‌ನೆಟ್ ಸೆಂಟರಿಗೆ ಹೋಗಿ, ಅಲ್ಲಿಯವನಿಂದ ತಮ್ಮ ಹೆಸರು ಟೈಪ್ ಮಾಡಿಸಿದರು. ಒತ್ತು ತಪ್ಪಬಾರದೆಂದು ಪಕ್ಕದಲ್ಲೇ ನಿಂತು ನೋಡಿಕೊಂಡರಂತೆ. ತೆರೆಯ ಮೇಲೆ ಬಂದದ್ದು: ವಸತಿಶಾಲೆ ಬಾಲಕನಿಗೆ ಥಳಿತ, ಸಿದ್ಧಬಸಪ್ಪ ಬಂಧನ. ಟೈಪ್ ಮಾಡಿದವನು ಒಮ್ಮೆ ತೆರೆ ನೋಡಿದ, ಒಮ್ಮೆ ಇವರ ಮುಖ ನೋಡಿದ. ಅವನೂ ಇವರ ಬಳಿ ಓದಿದವನೇ.

ನಾನು ಆ ಕ್ಷಣವೇ ಕೂತು ವರದಿಯಲ್ಲಿ ಒತ್ತನ್ನು ಮೊದಲಿನಂತೆ ಮಾಡಿದೆ. ಮರುದಿನ ಮತ್ತೆ ಮಹಾಪ್ರಾಣ ಬಂದಿತ್ತು, ನನ್ನ ಪಾಸ್‌ವರ್ಡ್ ಕೆಲಸ ಮಾಡಲಿಲ್ಲ. ಯಜಮಾನರನ್ನು ಕೇಳಿದೆ. ವೆಬ್‌ಸೈಟಿನ ಹೊಣೆ ಇನ್ನು ನಿಮಗೆ ಬೇಡ, ಅಚ್ಚಿನ ಪುಟಗಳನ್ನು ನೋಡಿಕೊಳ್ಳಿ ಎಂದರು. ಹಾಗಾದರೆ ವರದಿಯನ್ನೇ ತೆಗೆದುಬಿಡಿ ಎಂದೆ. ನನ್ನ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು.

“ಪ್ರಕಟ ಆದ ಸುದ್ದಿ ಕೀಳಬಾರದು ಅಂತ ನೀವೇ ಅಲ್ವೇನ್ರಿ ಕಲಿಸಿದ್ದು?” ಎಂದರು.

ಉಳಿದದ್ದು ಸ್ಪಷ್ಟನೆಯ ದಾರಿ. ‘ಸದರಿ ವ್ಯಕ್ತಿಗೂ ಹೊಳಲ್ಕೆರೆಯ ಶಿಕ್ಷಕರಿಗೂ ಸಂಬಂಧವಿಲ್ಲ’ ಎಂದು ಅಚ್ಚಿನಲ್ಲಾದರೂ ಹಾಕುತ್ತೇನೆ ಎಂದು ಮೇಷ್ಟ್ರಿಗೆ ಹೇಳಿದೆ. ಅವರು ತಲೆಯಾಡಿಸಿದರು. “ಬ್ಯಾಡ ಸಾರ್. ಅಲ್ಲ ಅಂತ ಹಾಕಿದ್ರೂ ನನ್ನ ಹೆಸರಿನ ಪಕ್ಕ ಹೊಡೆತ ಅಂತ ಬರ್ತೈತೆ. ಗೊತ್ತಿಲ್ದೋರಿಗೂ ಗೊತ್ತಾಗ್ತೈತೆ.”

2004ರ ಮೂಲ ಪತ್ರಿಕೆ ತೆಗೆದುಕೊಂಡು ನಾನೇ ಆ ವಸತಿಶಾಲೆಗೆ ಹೋದೆ. ಕಾರ್ಯದರ್ಶಿ ಸಭ್ಯ ಮನುಷ್ಯ. ಅಚ್ಚಿನಲ್ಲಿದ್ದ ದಕಾರವನ್ನೂ ತೆರೆಯ ಮೇಲಿದ್ದ ಧಕಾರವನ್ನೂ ಪಕ್ಕಪಕ್ಕ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ನಿಮ್ಮ ಮಾತನ್ನು ನಾನು ನಂಬುತ್ತೇನೆ ಎಂದರು. ಆಮೇಲೆ ಕೇಳಿದರು: “ಮಕ್ಕಳನ್ನ ಬಿಡೋಕೆ ಬರೋ ತಂದೆತಾಯಿಗೆಲ್ಲ ನೀವು ಬಂದು ಈ ಒತ್ತು ತೋರಿಸ್ತೀರಾ?” ಮೂಲ ಪತ್ರಿಕೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಬಂದೆ.

ಆ ಹೊತ್ತಿಗೆ ಎಚ್. ಸಿದ್ದಬಸಪ್ಪ ಎಂದು ಹುಡುಕಿದರೆ ರಕ್ತದಾನ, ಸಮವಸ್ತ್ರ, ಸಸಿ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಇಂಜಿನಿಯರಿಂಗ್ ಕಾಲೇಜಿನ ಶಂಕುಸ್ಥಾಪನೆಗೆ ನಮ್ಮ ಪತ್ರಿಕೆಯ ಇಡೀ ಪುಟದ ಜಾಹೀರಾತು ಇತ್ತು. ಕರಡು ತಿದ್ದಿ ಕೊಟ್ಟವನು ನಾನೇ. ಅದರಲ್ಲಿ ದೋಷವಿರಲಿಲ್ಲ.

2009ರಲ್ಲಿ ಮೇಷ್ಟ್ರು ನಿವೃತ್ತರಾದರು. ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ಬೀಳ್ಕೊಡುಗೆ ಇಟ್ಟುಕೊಂಡರು. ಆಮಂತ್ರಣ ಪತ್ರಿಕೆ ನಮ್ಮ ಮುದ್ರಣಾಲಯದಲ್ಲೇ ಅಚ್ಚಾಗಬೇಕಿತ್ತು. ಕರಡು ನೋಡಲು ಮೇಷ್ಟ್ರೇ ಬಂದು ನನ್ನ ಎದುರು ಕೂತರು. ಹೆಸರಿನ ಜಾಗದಲ್ಲಿ ‘ಎಚ್. ಸಿದ್ದಬಸಪ್ಪ’ ಎಂದಿತ್ತು, ಸಾದಾ ದಕಾರದ ಒತ್ತು. ಹುಡುಗರು ತಪ್ಪು ಬರೆದುಕೊಟ್ಟಿದ್ದಾರೆ ಎಂದುಕೊಂಡು ಕೆಂಪು ಪೆನ್ನು ತೆಗೆದು ಅಂಚಿನಲ್ಲಿ ಮಹಾಪ್ರಾಣ ಬರೆದೆ. ಮೇಷ್ಟ್ರು ನನ್ನ ಕೈ ಹಿಡಿದರು.

“ಇರ್ಲಿ ಬಿಡ್ರಿ. ನಾನೇ ಬರೆದುಕೊಟ್ಟಿದ್ದು. ಇವಾಗ ಸಹಿನೂ ಹಂಗೇ ಹಾಕ್ತೀನಿ. ಆ ಹೆಸರು ಹುಡುಕಿದ್ರೆ ರಕ್ತದಾನ ಬರ್ತೈತೆ ಸಾರ್, ಚೆನ್ನಾಗೈತೆ.” ಹೀಗೆಂದು ನಗಲು ನೋಡಿದರು, ಆಗಲಿಲ್ಲ. “ನೀವೇ ಹೇಳಿದ್ರಲ್ಲ, ಹೆಸರು ಅವರವರು ಹೆಂಗೆ ಬರೀತಾರೋ ಹಂಗೆ ಅಂತ.”

ಪುಟದಲ್ಲಿ ಅಕ್ಷರದೋಷ ಇಲ್ಲದಿದ್ದರೆ ಸುಳ್ಳೂ ಇಲ್ಲ ಎಂದು ನಂಬಿ ಆ ವೃತ್ತಿಯಲ್ಲಿ ಆಯುಷ್ಯ ಕಳೆದಿದ್ದೆ. ದುಡ್ಡಿದ್ದವನು ತನ್ನ ಕೆಟ್ಟ ಹೆಸರನ್ನು ಅಳಿಸುವುದಿಲ್ಲ, ಹೊರಲು ಇನ್ನೊಬ್ಬನನ್ನು ಹುಡುಕುತ್ತಾನೆ ಎಂದು ಆ ಕೆಲಸವೇ ನನಗೆ ಕಲಿಸಿತು, ಕಲಿಯುವಾಗ ತಡವಾಗಿತ್ತು. ಈಗಲೂ ಯಾರಾದರೂ ತಿದ್ದುಪಡಿ ತಂದರೆ, ಕಾಗುಣಿತ ಸರಿಯೇ ಎಂದು ನೋಡಿದ ಮೇಲೆ, ಇದು ಯಾರಿಗೆ ಬೇಕಾಗಿದೆ ಎಂದು ಕೇಳುತ್ತೇನೆ.

ಕರಡು ತಿದ್ದುವವರಲ್ಲಿ ಒಂದು ಗುರುತು ಇದೆ. ತಿದ್ದಿದ್ದು ಬೇಡ, ಇದ್ದದ್ದು ಇದ್ದ ಹಾಗೆಯೇ ಇರಲಿ ಎನ್ನುವಾಗ ಆ ಅಕ್ಷರದ ಕೆಳಗೆ ಸಾಲಾಗಿ ಚುಕ್ಕಿ ಇಡುತ್ತೇವೆ. ಅಂಚಿನಲ್ಲಿ ನಾನು ಬರೆದ ಮಹಾಪ್ರಾಣವನ್ನು ಹೊಡೆದುಹಾಕಿ, ಮೇಷ್ಟ್ರ ಹೊಸ ಹೆಸರಿನ ಕೆಳಗೆ ಚುಕ್ಕಿಗಳನ್ನು ಇಟ್ಟು, ಅಚ್ಚಿಗೆ ಕಳಿಸಿದೆ.