ಅವಳ ತಾಯಿಯ ಓಟು

ಇದನ್ನು ಬರೆಯಲು ಎಷ್ಟು ಸಲ ಕೂತೆನೋ ಅಷ್ಟೂ ಸಲ ಏನಾದರೊಂದು ನೆಪ ಹೇಳಿಕೊಂಡು ಎದ್ದಿದ್ದೇನೆ. ಕನ್ನಡಕ ಸಿಗಲಿಲ್ಲ, ಕರೆಂಟು ಹೋಯಿತು, ಮಗಳನ್ನು ನೋಡಲು ಸುರಪುರಕ್ಕೆ ಹೋಗಬೇಕಿತ್ತು. ಈಗ ನೆಪಗಳು ಮುಗಿದಿವೆ. ನಾಳೆ ಬೆಳಿಗ್ಗೆ ಒಬ್ಬರು ನನ್ನ ಮನೆಗೆ ಬರುತ್ತಾರೆ. ಅದಕ್ಕೆ ಮೊದಲು ಬರೆದು ಮುಗಿಸಬೇಕು.

ನಾನು ಯಾದಗಿರಿ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ದುಡಿದು ನಿವೃತ್ತನಾದವನು. ಸಂಜೆ ಡ್ಯೂಟಿ ಮುಗಿದ ಮೇಲೆ ರೈಲ್ವೆಯ ನಾಲ್ಕಾರು ಜನ ಸೇರಿ ಫುಟ್‌ಬಾಲ್ ಆಡುತ್ತಿದ್ದೆವು. ನಾನು ಗೋಲ್‌ಕೀಪರ್. ಗೋಲಿನ ಹಿಂದಿನ ದಾರಿಯಲ್ಲಿ ಭೀಮಾ ದಂಡೆಯ ಹೆಂಗಸೊಬ್ಬಳು ಮೀನಿನ ಬುಟ್ಟಿ ಹೊತ್ತು ಮನೆಗೆ ಹೋಗುತ್ತಿದ್ದಳು. ಜೊತೆಗೆ ಅವಳ ಮಗಳು. ನನ್ನ ಕೈ ತಪ್ಪಿ ಹೋದ ಚೆಂಡನ್ನು ಆ ಹುಡುಗಿ ಹಿಡಿಯುತ್ತಿದ್ದಳು. ಹಿಡಿದ ಚೆಂಡು ಅವಳ ಕೈಯಿಂದ ಜಾರುತ್ತಲೇ ಇರಲಿಲ್ಲ.

ನಾನೇ ಅವಳಿಗೆ ಹೊಳೆಯ ಉಸುಕಿನಲ್ಲಿ ಚೆಂಡಿಗಾಗಿ ಹಾರಿ ಬೀಳುವುದನ್ನು ಕಲಿಸಿದೆ. ನನ್ನ ಹಳೆಯ ಕೈಗವಸುಗಳನ್ನೂ ಕೊಟ್ಟೆ. ತಾಯಿಗೆ ಇದು ಸೇರಲಿಲ್ಲ. ಮೈತುಂಬ ತರಚಿದ ಗಾಯ ಮಾಡಿಕೊಂಡು ಬರುವ ಮಗಳನ್ನು ನೋಡಿ, ಒಂದು ದಿನ ಆ ಕೈಗವಸುಗಳನ್ನು ಒಲೆಗೆ ಹಾಕಿಬಿಟ್ಟಳು. ಹುಡುಗಿ ಅಳಲಿಲ್ಲ. ಆದರೆ ಆಮೇಲೆ ಕ್ರೀಡಾ ಹಾಸ್ಟೆಲ್ಲಿಗೆ ಸೇರಿ ಊರು ಬಿಟ್ಟವಳು ತಾಯಿಯೊಂದಿಗೆ ಮನಸ್ಸು ಬಿಚ್ಚಿ ಮಾತಾಡಲಿಲ್ಲ. ಫೋನಿನಲ್ಲಿ ಊಟ ಆಯ್ತಾ, ಆರಾಮಾ, ಅಷ್ಟೇ.

ಅವಳು ದೇಶದ ತಂಡಕ್ಕೆ ಆಯ್ಕೆಯಾದಾಗ ನಾನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ನಮ್ಮೂರ ಬಸ್‌ಸ್ಟ್ಯಾಂಡ್ ಎದುರಿನ ಚಹಾದ ಹೋಟೆಲಿನಲ್ಲಿ ಕೂತು, "ಆಕಿಗಿ ಕಲಿಸಿದಾಂವ ನಾನರಿ" ಎಂದು ಎಷ್ಟು ಸಲ ಹೇಳಿದೆನೋ. ಒಂದು ದಿನ ಅದೇ ಹೋಟೆಲಿನ ಟಿವಿಯಲ್ಲಿ ಅವಳೇ ಬಂದಳು. ಮೊದಲು ಕಲಿಸಿದವರು ಯಾರು ಎಂದು ಕೇಳಿದರು. ಹಾಸ್ಟೆಲಿನ ಕೋಚ್ ಹೆಸರು ಹೇಳಿದಳು.

ಹೋಟೆಲಿನವನು ಲೋಟ ತೊಳೆಯುತ್ತ ತಿರುಗಿ ನೋಡಿದ. "ಏನ್ರಿ ಮಾಸ್ತರ, ನಿಮ್ಮ ಹೆಸರು ನುಂಗಿಬಿಟ್ಳಲ್ರಿ?"

ಪಕ್ಕದಲ್ಲಿದ್ದವನು, "ಬಿಡೋ, ಮಾಸ್ತರ ಕನಸಿನ್ಯಾಗ ಕಲಿಸ್ಯಾರ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಅದೇ ವರ್ಷ, ದೇಶದ ತಂಡದ ವರ್ಷದ ಆಟಗಾರ್ತಿಯನ್ನು ಆರಿಸುವ ಅಭಿಮಾನಿಗಳ ಓಟು ಶುರುವಾಯಿತು. ಮೊಬೈಲಿನಲ್ಲಿ ಆಟಗಾರ್ತಿಯರ ಫೋಟೋಗಳು ಬರುತ್ತವೆ. ಬೇಕಾದವರ ಫೋಟೋ ಒತ್ತಬೇಕು. ಒಂದು ಫೋನ್ ನಂಬರಿಗೆ ಒಂದೇ ಓಟು. ಮೀನು ಮಾರುವ ಹೆಂಗಸರ ಬಳಿ ಇದ್ದದ್ದು ಗುಂಡಿ ಒತ್ತುವ ಸಣ್ಣ ಫೋನುಗಳು. ಅವರ ನಂಬರನ್ನು ನನ್ನ ಮೊಬೈಲಿನಲ್ಲಿ ಹಾಕಿ, ಅವರ ಫೋನಿಗೆ ಬಂದ ಓಟಿಪಿಯನ್ನು ನಾನೇ ಓದಿ ತುಂಬಿದರೆ ಓಟು ಬೀಳುತ್ತಿತ್ತು. ಹೀಗಾಗಿ ಆ ಹೆಂಗಸರ ಓಟುಗಳೆಲ್ಲ ನನ್ನ ಕೈಗೆ ಬಂದವು.

ಎಲ್ಲರಿಗಿಂತ ಮೊದಲು ಬಂದವಳು ಆ ಹುಡುಗಿಯ ತಾಯಿ. ಮಧ್ಯಾಹ್ನದ ಬಿಸಿಲು. ಕೈಯನ್ನು ಸೀರೆಗೆ ಎರಡು ಸಲ ಒರೆಸಿಕೊಂಡು ನನ್ನ ಕಟ್ಟೆಯ ಮೇಲೆ ಕೂತಳು. ಆಗ ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು.

"ಕಾಕಾ, ಬ್ಯಾರೇದವರದ ನೀವೇ ಒತ್ತರಿ. ನಂದು ಮಾತ್ರ ನಾನೇ ಒತ್ತತೀನಿ."

"ಯಾಕವ್ವಾ, ನಾ ಒತ್ತಿದ್ರ ಬೀಳಂಗಿಲ್ಲೇನು?"

"ಹಂಗಲ್ರಿ. ಆವತ್ತು ಕೈಗವಸ ಒಲಿಗಿ ಹಾಕಿದ್ದು ಇದೇ ಕೈ ಅಲ್ರಿ? ಇದರಿಂದನೇ ಒತ್ತಬೇಕು. ಆಕಿ ಬಂದಾಗ ನಾ ಹೇಳಬೇಕು, ನಿನಗ ನಾ ಓಟ್ ಹಾಕೀನಿ ಅಂತ. ಬಾಯಿಲೆ ಬ್ಯಾರೆ ಏನ್ ಹೇಳಲಿಕ್ಕೂ ನನಗ ಬರಂಗಿಲ್ರಿ."

ಆ ಓಟು ಅವಳಿಗೆ ಏನಾಗಿತ್ತು ಎಂದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಗೊತ್ತಿರಲಿಲ್ಲ ಎಂದು ಯಾವತ್ತೂ ಹೇಳಲಾರೆ.

ಫೋಟೋಗಳ ಸಾಲು ತೆರೆಯಿತು. ಹೋಟೆಲಿನ ನಗು ಇನ್ನೂ ನನ್ನ ಕಿವಿಯಲ್ಲಿತ್ತು. ಆ ವರ್ಷ ಫಾರ್ವರ್ಡ್ ಆಗಿ ಆಡಿ ಗೋಲು ಹೊಡೆದ ಹುಡುಗಿಯೇ ನಿಜವಾಗಿ ದೊಡ್ಡ ಆಟಗಾರ್ತಿ, ನ್ಯಾಯವಾಗಿ ಓಟು ಸಲ್ಲಬೇಕಾದ್ದು ಅವಳಿಗೇ ಎಂದು ಮನಸ್ಸಿಗೆ ಹೇಳಿಕೊಂಡೆ. ನ್ಯಾಯದ ಮಾತು ಬರೀ ಮುಸುಕು. ನನಗಾಗಿದ್ದದ್ದು ಹೊಟ್ಟೆಯುರಿ. ಆ ಫಾರ್ವರ್ಡ್ ಹುಡುಗಿಯ ಫೋಟೋ ತೆರೆದು ತಾಯಿಯ ಮುಂದೆ ಹಿಡಿದೆ.

ಅವಳು ಬಿಸಿಲಿಗೆ ಕಣ್ಣು ಕಿರಿದು ಮಾಡಿದಳು. "ಇಕಿನಾ?"

"ಹೂಂ. ಒತ್ತು."

ಬೆರಳು ಮುಂದೆ ಮಾಡಿದಳು. ಒತ್ತಿದಳು. ಆಮೇಲೆ ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು. ಅವಳು ಹೋದ ಮೇಲೆ ಅದೇ ನಂಬರಿನಿಂದ ಮತ್ತೆ ಹಾಕಲು ನೋಡಿದೆ. ಆಗಲಿಲ್ಲ. ಉಳಿದ ಹೆಂಗಸರ ಓಟುಗಳನ್ನೆಲ್ಲ ಸರಿಯಾಗಿಯೇ ಹಾಕಿದೆ. ಪ್ರಶಸ್ತಿ ಕೊನೆಗೆ ಆ ಫಾರ್ವರ್ಡ್ ಹುಡುಗಿಗೇ ಬಂತು. ಒಂದು ಓಟಿನಿಂದ ಏನೂ ಬದಲಾಗುತ್ತಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ರಜೆಗೆ ಆ ಹುಡುಗಿ ಊರಿಗೆ ಬಂದಳು. ತಾಯಿ ನನ್ನನ್ನೂ ಊಟಕ್ಕೆ ಕರೆದಳು. ಹೋಗದಿದ್ದರೆ ಅನುಮಾನ, ಹೋದರೆ ಹೆದರಿಕೆ. ಹೋದೆ. ಜೋಳದ ರೊಟ್ಟಿ, ಮೀನಿನ ಸಾರು. ಮಗಳು ತಲೆ ತಗ್ಗಿಸಿ ಉಣ್ಣುತ್ತಿದ್ದಳು. ತಾಯಿ ಸೌಟು ಕೈಯಲ್ಲಿ ಹಿಡಿದೇ ನಿಂತಿದ್ದಳು. ಆಮೇಲೆ ಒಮ್ಮೆಲೇ, "ನಾ ನಿನಗ ಓಟ್ ಹಾಕೀನಿ" ಎಂದಳು.

ಮಗಳು ತಲೆ ಎತ್ತಿದಳು. "ನೀನಾ, ಯವ್ವಾ?"

"ಮತ್ತ? ನನ್ನ ಕೈಬೆರಳಿಂದ ನಾನೇ ಒತ್ತೀನಿ. ಕಾಕಾನ್ನ ಕೇಳು. ನೀಲಿ ಅಂಗಿ ಹಾಕ್ಕೊಂಡು ಎಷ್ಟ್ ಛಂದ ನಿಂತಿದ್ದಿ!"

ಮುರಿದ ರೊಟ್ಟಿಯನ್ನು ತಾಟಿಗೇ ಇಟ್ಟೆ. ತಂಡಕ್ಕೆಲ್ಲ ನೀಲಿ ಅಂಗಿ, ನಿಜ. ಆದರೆ ಗೋಲ್‌ಕೀಪರಿಗೆ ಬೇರೆ ಬಣ್ಣ. ಅವಳ ಫೋಟೋದಲ್ಲಿ ಇದ್ದದ್ದು ಹಳದಿ ಅಂಗಿ. ಮಗಳು ಆಡುವುದನ್ನು ಒಮ್ಮೆಯೂ ನೋಡದ ಆ ತಾಯಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದವರು ಆ ಕೋಣೆಯಲ್ಲಿ ಇಬ್ಬರೇ.

ಹುಡುಗಿ ತಾಯಿಯ ಮುಖ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಚೆಂಡು ಯಾವ ಕಾಲಿನಿಂದ ಬಂತು ಎಂದು ಗೋಲ್‌ಕೀಪರ್ ನೋಡುವ ಹಾಗೆ ನೋಡಿದಳು. ಹೀಗೆ ನೋಡಬೇಕೆಂದು ಅವಳಿಗೆ ಕಲಿಸಿದವನು ನಾನೇ. ಈಗ ಹೇಳಿಬಿಡುತ್ತಾಳೆ ಎಂದು ಕಾದೆ.

"ಹೌದವ್ವಾ," ಎಂದಳು. "ನಾನೇ ಆಕಿ. ನೀಲಿ ಅಂಗಿ."

ತಾಯಿ ಸೌಟು ಕೆಳಗಿಟ್ಟು ಮಗಳ ಪಕ್ಕದಲ್ಲಿ ಕೂತಳು. ಮಗಳು ತನ್ನ ತಾಟಿನಿಂದ ಒಂದು ತುತ್ತು ಮುರಿದು ತಾಯಿಯ ಬಾಯಿಗೆ ಇಟ್ಟಳು.

ನನ್ನನ್ನು ಕಳಿಸಲು ಮಗಳು ಬಾಗಿಲಿನ ಹೊರಗೆ ಬಂದಾಗ ಕೈ ಮುಗಿದೆ. "ತಪ್ಪಾತವ್ವಾ" ಎಂದೆ.

"ನನ್ನ ಮುಂದ ಯಾಕ್ ಮುಗಿತಿ, ಮುತ್ಯಾ? ಆ ಓಟು ನಂದಲ್ಲ. ಆಕಿದು."

ಅಷ್ಟು ಹೇಳಿ ಒಳಗೆ ಹೋದಳು.

ಅಂದಿನಿಂದ ತಾಯಿ ಮಗಳು ದಿನಾ ಮಾತಾಡುತ್ತಾರೆ. ಈಗ ನಿಜ ಹೇಳಿದರೆ ಅದು ಕೆಡುತ್ತದೆ ಎಂದು ಬಾಯಿ ಮುಚ್ಚಿಕೊಂಡೆ. ಅದೂ ಒಂದು ನೆಪವೇ. ತಾಯಿ ಸಂತೆಯಲ್ಲಿ ಸಿಕ್ಕಾಗಲೆಲ್ಲ, "ಕಾಕಾ, ನಿಮ್ಮಿಂದ ಆತು ನೋಡ್ರಿ" ಎನ್ನುತ್ತಾಳೆ. ನಾನು ಮೀನು ಕೊಳ್ಳದೆ ಹೊರಟುಬಿಡುತ್ತೇನೆ.

ಹೋದ ತಿಂಗಳು ಅವಳ ಕಣ್ಣಿನ ಪೊರೆ ತೆಗೆಸಿದರು. ಈ ವರ್ಷದ ಓಟೂ ಶುರುವಾಗಿದೆ. ಇಂದು ದಾರಿಯಲ್ಲಿ ಸಿಕ್ಕವಳು, "ನಾಳಿ ಮುಂಜಾನಿ ಬರ್ತೀನ್ರಿ. ಈಗ ಆಕಿ ಮಾರಿ ಸ್ವಚ್ಛ ಕಾಣತದ" ಎಂದು ನಗುತ್ತ ಹೋದಳು. ನಾಳೆ ಹಳದಿ ಅಂಗಿಯ ಫೋಟೋ ತೆರೆದು ಅವಳ ಮುಂದೆ ಹಿಡಿಯುತ್ತೇನೆ. ಹೋದ ಸಲ ನೀಲಿ ಇತ್ತಲ್ರಿ ಎಂದು ಅವಳು ಕೇಳುತ್ತಾಳೆ. ಆದರೆ ಅವಳು ಕೇಳುವವರೆಗೆ ಕಾಯಬಾರದು. ಫೋಟೋ ತೆರೆಯುವ ಮೊದಲೇ ನಾನು ಹೇಳಬೇಕು.

ಇಷ್ಟು ದಿನ ನಾನು ಕ್ಷಮೆ ಕೇಳದೆ ತಪ್ಪಿಸಿಕೊಂಡು ತಿರುಗಿದ್ದು ಆಕೆಯಿಂದ, ಭೀಮಾ ದಂಡೆಯಲ್ಲಿ ಮೀನು ಮಾರುವ ಆ ತಾಯಿಯಿಂದ.