ನೀರಿನ ಹಾಸಿಗೆಗೆ ಬಿದ್ದ ತೂತು

ಸೊಂಟ ಮುರಿದುಕೊಂಡು ಮಲಗಿದ ಅತ್ತೆಯ ಬೆನ್ನಲ್ಲಿ ಹುಣ್ಣು ಕಾಣಿಸಿಕೊಂಡಾಗ ದೊಡ್ಡಬಳ್ಳಾಪುರದ ಆಸ್ಪತ್ರೆಯ ನರ್ಸಮ್ಮ, "ವಾಟರ್ ಬೆಡ್ ಹಾಕ್ರಮ್ಮ, ಇಲ್ಲಾಂದ್ರೆ ಹುಣ್ಣು ಮೂಳೆವರೆಗೂ ಹೋಗುತ್ತೆ" ಅಂದರು. ತಂದು ಮಂಚಕ್ಕೆ ಹಾಸಿ, ಬಿಂದಿಗೆ ಬಿಂದಿಗೆ ನೀರು ಹೊತ್ತು ತುಂಬಿಸಿದೆ. ಅಲ್ಲಿಗೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಎಲ್ಲಿ ಮುಗಿಯುತ್ತೆ.

ಅತ್ತೆಗೊಂದು ಬೂದು ಬಣ್ಣದ ಬೆಕ್ಕಿತ್ತು. ಅವರ ಮಗ್ಗುಲಲ್ಲಿ ಮಲಗದಿದ್ದರೆ ಅದಕ್ಕೂ ನಿದ್ದೆ ಇಲ್ಲ, ಅವರಿಗೂ ಇಲ್ಲ. ಮಲಗುವ ಮುಂಚೆ ಚಪಾತಿ ಹಿಟ್ಟು ನಾದುವ ಹಾಗೆ ಮುಂಗಾಲುಗಳಿಂದ ಹಾಸಿಗೆಯನ್ನು ನಾದುವುದು ಅದರ ಅಭ್ಯಾಸ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ನಮ್ಮನೆಯಲ್ಲಿ ಆ ಇಲಿ ನಾನೇ. ಉಗುರು ಕತ್ತರಿಸಲು ಹೋಗಿ ಕೈಯೆಲ್ಲ ಪರಚಿಸಿಕೊಂಡೆ. ಬಾಗಿಲು ಹಾಕಿದರೆ ಕಿಟಕಿಯಿಂದ ಬಂತು. ಜಮಖಾನ ಮಡಿಸಿ ಹಾಸಿದೆ. ಹುಣ್ಣಿಗೆ ಪಟ್ಟಿ ಕಟ್ಟಲು ಮನೆಗೆ ಬಂದ ನರ್ಸಮ್ಮ ಅದನ್ನು ನೋಡಿ, "ಇಷ್ಟು ದಪ್ಪ ಹಾಸಿದ್ರೆ ನೀರಿನ ಹಾಸಿಗೆ ಇದ್ದೂ ಏನು ಬಂತು?" ಅಂದರು. ಮತ್ತೆ ತೆಳು ಬೆಡ್‌ಶೀಟೇ ಗತಿಯಾಯಿತು.

ಒಂದು ಬೆಳಿಗ್ಗೆ ಬೆಡ್‌ಶೀಟು ಒದ್ದೆ. ನನ್ನ ಗಂಡ ಸೈಕಲ್ ಟ್ಯೂಬಿನ ತುಂಡು ಅಂಟಿಸಿದರು. ಸ್ವಲ್ಪ ದಿನಕ್ಕೆ ಇನ್ನೊಂದು ತೂತು. ದಾಬಸ್‌ಪೇಟೆಯ ಫ್ಯಾಕ್ಟರಿಯಲ್ಲಿ ಶಿಫ್ಟು ಮುಗಿಸಿ ಬಂದವರಿಗೆ ರೇಗಿಹೋಯಿತು.

"ಲೇ, ಒಂದು ಬೆಕ್ಕು ಕಾಯೋಕಾಗಲ್ವ ನಿನ್ ಕೈಲಿ?"

"ಅವಳನ್ನ ಯಾಕೋ ಅಂತೀಯ," ಎಂದರು ಅತ್ತೆ ಮಲಗಿದಲ್ಲಿಂದಲೇ. "ಬೆಕ್ಕೇ ಮಾಡಿದ್ದು. ತಗೊಂಡೋಗಿ ಬಿಟ್ಬಿಡು."

ನನ್ನ ಗಂಡ ಬೆಕ್ಕನ್ನು ಗೋಣಿಚೀಲಕ್ಕೆ ಹಾಕಿ, ದಾರಿ ಮರೆಯಲೆಂದು ಬಾಗಿಲಲ್ಲೇ ಚೀಲವನ್ನು ಮೂರು ಸುತ್ತು ಸುತ್ತಿಸಿ, ಆವತಿಯಲ್ಲಿರುವ ನಾದಿನಿಯ ತೋಟಕ್ಕೆ ಬಿಟ್ಟು ಬಂದರು. ಸುಳ್ಳು ಯಾಕೆ ಹೇಳಲಿ, ನನಗೆ ಹಾಯೆನಿಸಿತು. ಆದರೆ ಅತ್ತೆ ಊಟ ಅರ್ಧಕ್ಕೇ ಬಿಡತೊಡಗಿದರು. ಕೈ ಮಾತ್ರ ಮಗ್ಗುಲಲ್ಲಿ ಏನನ್ನೋ ತಡವುತ್ತಿತ್ತು.

ಬೆಕ್ಕಿಲ್ಲದ ಮನೆಯಲ್ಲಿ ಹಾಸಿಗೆ ಮತ್ತೆ ಸೋರಿತು.

ಅವತ್ತು ಅತ್ತೆಯನ್ನು ಹೊರಳಿಸಲು ಬಗ್ಗಿದವಳು ಏಳಲು ಹೋದರೆ ತಾಳಿ ಸರ ಹಾಸಿಗೆಗೆ ಸಿಕ್ಕಿಕೊಂಡು ಜಗ್ಗಿತು. ಸರಕ್ಕೆ ಮೂರ್ನಾಲ್ಕು ಪಿನ್ನು ನೇತುಹಾಕಿಕೊಳ್ಳದ ಹೆಂಗಸು ನಮ್ಮ ಕಡೆ ಅಪರೂಪ. ಸೆರಗಿಗೆ ಬೇಕು, ಕಿತ್ತ ಹುಕ್ಕಿಗೆ ಬೇಕು. ಅವುಗಳಲ್ಲೊಂದು ಬಾಯಿ ಬಿಟ್ಟುಕೊಂಡು ರಬ್ಬರಿಗೆ ಚುಚ್ಚಿತ್ತು. ಎಳೆದರೆ ಹಿಂದೆಯೇ ನೀರು ಜಿನುಗಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆವು. ತೂತಿಗೆ ಬೆರಳು ಒತ್ತಿಕೊಂಡು ಮಂಚದ ಅಂಚಿಗೆ ಕೂತೆ.

"ಅತ್ತೆ, ಬೆಕ್ಕಲ್ಲ. ನಾನೇ," ಅಂದೆ.

"ಗೊತ್ತು ಕಣಮ್ಮ. ನೀನು ಬಗ್ಗಿದಾಗೆಲ್ಲ ನನ್ ಮುಖದ ಮುಂದೇನೇ ತೂಗಾಡ್ತಿತ್ತಲ್ಲ."

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಅವನ ಮುಂದೆ ಹೇಳಿದ್ರೆ ನಿನ್ನ ಬೈತಿದ್ದ. ಆಮೇಲೆ ಹೇಳಾಣ ಅಂದ್ಕೊಂಡೆ. ದಿನಾ ನಿನ್ ಮುಖ ನೋಡಿದ್ರೆ ಬಾಯೇ ಬರ್ಲಿಲ್ಲ. ನೀನು ಬೇಜಾರಾಗಿ ತವರಿಗೆ ಹೋಗ್ಬಿಟ್ರೆ ನನ್ನ ಹೊರಳಿಸೋರು ಯಾರಮ್ಮ? ಬೆಕ್ಕಿಗಾದ್ರೆ ಇನ್ನೊಂದು ಮನೆ ಸಿಗುತ್ತೆ."

ತವರಿಗೆ ಹೋಗಿಬಿಡೋಣ ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೆ. ಬಾಯಿ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಪಿನ್ನುಗಳನ್ನೆಲ್ಲ ಬಿಚ್ಚಿ ಕಿಟಕಿಯ ಮೇಲಿಟ್ಟೆ. ಬೆಕ್ಕು ಬಂದರೆ ಮತ್ತೆ ಉಗುರು ಕತ್ತರಿಸಬೇಕು, ಮತ್ತೆ ಪರಚಿಸಿಕೊಳ್ಳಬೇಕು. ಹಾಳಾಗಿ ಹೋಗಲಿ ಎಂದುಕೊಂಡು, ಆವತಿಗೆ ಹೋಗಲು ಗೋಣಿಚೀಲ ಹುಡುಕಿದೆ.