ಕಾಲು ಮುರಿಯಲೆಂಬ ಹಾರೈಕೆ

ಕುಳಿತಾಗಲೂ ನಮ್ಮ ಸರ್ ಅವರ ಬಲಗಾಲು ಕುಣಿಯುತ್ತಲೇ ಇರುತ್ತಿತ್ತು. ಶಹಾಪುರದಲ್ಲಿ ಹತ್ತಿಬೀಜದ ಅಂಗಡಿಯೊಂದರ ಮಾಳಿಗೆಯ ಮೇಲೆ ಅವರ ಇಂಗ್ಲಿಷ್ ಟ್ಯೂಷನ್. ಸರ್ ಕುಳಿತ ಬೆಂಚಿನ ಇನ್ನೊಂದು ತುದಿಯಲ್ಲಿ ನಾನು ಬರೆದ ಅಕ್ಷರಗಳೆಲ್ಲ ಆ ಕಾಲಿನಿಂದಾಗಿ ಸೊಟ್ಟ. ಚಹಾ ಬಂದರೆ ಕಿಟಕಿಗೂ ಬಾಗಿಲಿಗೂ ಅಡ್ಡಾಡುತ್ತಲೇ ಕುಡಿಯುವರು. ನಾನೂ ಒಂದು ಕಡೆ ಕೂರುವ ಪೈಕಿ ಅಲ್ಲ. ಅದಕ್ಕೇ ಅವರು ನನಗೆ ಹಿಡಿಸಿದ್ದು.

ವ್ಯಾಕರಣವನ್ನು ಪುಸ್ತಕಕ್ಕೇ ಬಿಟ್ಟು, ಸರ್ ಇಂಗ್ಲಿಷರ ತಲೆಬುಡವಿಲ್ಲದ ಮಾತುಗಳನ್ನು ಕಲಿಸುತ್ತಿದ್ದರು. ಮಳೆ ಜೋರಾದರೆ ಅವರಲ್ಲಿ ಬೆಕ್ಕು ನಾಯಿ ಸುರಿಯುತ್ತವೆ. ಸುಲಭದ ಕೆಲಸವೆಂದರೆ ಕೇಕಿನ ತುಂಡು. ಎಲ್ಲ ಸಲೀಸಾಗಿ ಮುಗಿದರೆ ‘ಬಾಬ್ ನಿನ್ನ ಕಾಕಾ’ ಅನ್ನುತ್ತಾರಂತೆ.

“ಬಾಬ್ ಅಂದ್ರ ಯಾರ್ರಿ ಸರ?” ಎಂದು ಕೇಳಿದ್ದೆ.

“ಯಾರಿಗ್ಗೊತ್ತು ಬೇಟಿ. ನಮ್ಮ ಮನ್ಯಾಗಂತೂ ಆ ಹೆಸರಿನವ್ರು ಇಲ್ಲ,” ಎಂದರು. “ಅರ್ಥ ಹುಡುಕಬ್ಯಾಡ. ಯಾರು, ಯಾವಾಗ, ಯಾಕ ಅಂತಾರ, ಅದನ್ನ ನೋಡು.”

ಯಾದಗಿರಿಯ ಶಾಲೆಯೊಂದರಿಂದ ಟೀಚರ್ ಕೆಲಸಕ್ಕೆ ಸಂದರ್ಶನದ ಕರೆ ಬಂತು. ಅದು ಕೈತಪ್ಪಿದರೆ ತಾನು ನೋಡಿಟ್ಟ ದೇವಾಪುರದ ಗಂಡಿಗೆ ಹೂಂ ಅನ್ನಬೇಕೆಂದು ಅವ್ವನ ಕರಾರು. ಆ ಬೆಳಿಗ್ಗೆ ಸರ್ ನಮ್ಮ ಮನೆಯವರೆಗೂ ಬಂದರು. ನಾನು ಹೊಸ್ತಿಲು ದಾಟುತ್ತಿದ್ದಂತೆ ದೊಡ್ಡ ದನಿಯಲ್ಲಿ “ಬ್ರೇಕ್ ಎ ಲೆಗ್” ಎಂದರು. ವೇದಿಕೆಗೋ ಪರೀಕ್ಷೆಗೋ ಹೊರಟವರಿಗೆ ಇಂಗ್ಲಿಷರು ಹೀಗೆ ಶುಭ ಕೋರುತ್ತಾರೆ.

“ಏನಂದ್ರು ಅವ್ರು?” ಅವ್ವ ಕೇಳಿದಳು.

“ಕಾಲು ಮುರ್ಕೋ ಅಂದ್ರು,” ಎಂದೆ ಗಡಿಬಿಡಿಯಲ್ಲಿ, ಪೆದ್ದಿಯ ಹಾಗೆ.

ಮುಗಿಯಿತು. ಹೊರಡುವಾಗ ಕೆಟ್ಟ ಮಾತು ಕಿವಿಗೆ ಬಿದ್ದರೆ ನಮ್ಮಲ್ಲಿ ಒಳಗೆ ಬಂದು, ಕುಳಿತು, ನೀರು ಕುಡಿದು ಮತ್ತೆ ಹೊರಡಬೇಕು. ಅವ್ವ ನನ್ನ ರಟ್ಟೆ ಹಿಡಿದು ಕೂರಿಸಿದಳು. ಸರ್ ಕೈಗೂ ಒಂದು ತಂಬಿಗೆ ನೀರು ಕೊಟ್ಟು, “ನೀವೂ ಕುಂಡ್ರಿ ಸರ. ಅಂದವ್ರು ನೀವ,” ಎಂದಳು. ಅವರು ಕುಳಿತು ನೀರು ಕುಡಿದರು, ಕಾಲು ಮಾತ್ರ ಚಾಪೆಯನ್ನೇ ಸವೆಸುವಂತೆ ಕುಣಿಯುತ್ತಿತ್ತು. ನನ್ನ ಜೀವವೆಲ್ಲ ಹೊರಗಿನ ರಸ್ತೆಯಲ್ಲಿತ್ತು. ಯಾದಗಿರಿ ಬಸ್ಸು ಹಾರನ್ ಹೊಡೆದು ಹೊರಟೇಹೋಯಿತು. ಮುಂದಿನ ಬಸ್ಸಿಗೆ ಹೋದರೆ ಸಂದರ್ಶನ ಸಿಗುತ್ತಿರಲಿಲ್ಲ.

“ನಡಿ ಬೇಟಿ, ನನ್ನ ತಪ್ಪು,” ಎಂದು ಸರ್ ಎದ್ದರು. ತಮ್ಮ ಹಳೆಯ ಸ್ಕೂಟರಿನಲ್ಲಿ ಕೂರಿಸಿಕೊಂಡು, ಭತ್ತದ ಗದ್ದೆಗಳ ನಡುವಿನ ರಸ್ತೆಯಲ್ಲಿ ಎದ್ದುಬಿದ್ದು ಓಡಿಸಿದರು. ಭೀಮಾ ಸೇತುವೆಯ ಮೇಲೆ ಆ ಬಸ್ಸನ್ನೇ ಹಿಂದೆ ಹಾಕಿದೆವು. ಕೆಲಸ ಸಿಕ್ಕಿತು. ಇವತ್ತಿಗೂ ನಾನು ಅದೇ ಶಾಲೆಯಲ್ಲಿದ್ದೇನೆ.

ಹೋದ ವರ್ಷ ಸರ್ ಹೃದಯದ ಆಪರೇಷನ್ನಿಗೆ ಹೈದರಾಬಾದಿಗೆ ಹೊರಟರು. ಕಾರಿನ ಗಾಜು ಇಳಿಸಿ, “ಏನರ ಅನ್ನು ಬೇಟಿ,” ಎಂದರು. ಅವರು ಯಾವ ಮಾತಿಗೆ ಕಾಯುತ್ತಿದ್ದಾರೆಂದು ನನಗೆ ಗೊತ್ತಿತ್ತು. ಪಕ್ಕದಲ್ಲಿ ಅವರ ಹೆಂಡತಿ ಮೆಲ್ಲಗೆ ದುವಾ ಓದುತ್ತಿದ್ದರು. ತುಟಿಯವರೆಗೆ ಬಂದದ್ದನ್ನು ನುಂಗಿಕೊಂಡು, “ಹುಷಾರಾಗಿ ಹೋಗಿ ಬರ್ರಿ ಸರ,” ಎಂದೆ.

“ಅಂಜಿದಿ ನೋಡು,” ಎಂದು ನಕ್ಕರು. ಅವರ ಬಲಗಾಲು ಸುಮ್ಮನಿತ್ತು.

ಸರ್ ತಿರುಗಿ ಬರಲಿಲ್ಲ. ಒಂದು ಮಾತಿನಿಂದ ಯಾರ ಜೀವವೂ ಉಳಿಯುವುದಿಲ್ಲ, ಗೊತ್ತು. ಆದರೂ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ. ಈಗ ಪರೀಕ್ಷೆಗೆ ಹೊರಡುವ ನನ್ನ ವಿದ್ಯಾರ್ಥಿಗಳನ್ನು ಮೊದಲು ಕೂರಿಸಿ, ನೀರು ಕುಡಿಸಿ, ಆಮೇಲೆ ದೊಡ್ಡ ದನಿಯಲ್ಲಿ ಆ ಮಾತು ಹೇಳುತ್ತೇನೆ. ಮಕ್ಕಳು ನಗುತ್ತಾರೆ. ಸರ್‌ಗೆ ಹೇಳದೆ ಉಳಿದದ್ದು ಮಾತ್ರ ಇನ್ನೂ ಗಂಟಲಲ್ಲೇ ಇದೆ.